ಮಾತಾಡದ ಕೆ

ಮಂಗಳವಾರ. ಗ್ರಿಮ್ಸ್‌ಬಿ. ಒಂದನೇ ತರಗತಿಯ ಹೊರಗೆ
ಒದ್ದೆ ಕೋಟುಗಳು ತೂಗುವ ಗೂಟಗಳ ಕೆಳಗೆ
ಎರಡು ಮೋಟು ಕುರ್ಚಿ.
ಒಂದರಲ್ಲಿ ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತದೆ,
ಇನ್ನೊಂದರಲ್ಲಿ ಜೆನ್ಸನ್ನನ ಕಾಲು ನೆಲಕ್ಕೆ ಎಟುಕುವುದಿಲ್ಲ.

ನಾನು ಕಲಿತದ್ದು ಹೀಗಲ್ಲ.
ಹಿರಿಯೂರಿನ ಐದನೇ ಕ್ಲಾಸಿನಲ್ಲಿ ನಲವತ್ತೆಂಟು ಗಂಟಲು ಒಟ್ಟಿಗೆ
ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು,
ಡಿ ಓ ಜಿ ಡಾಗ್, ಡಾಗ್ ಅಂದರೆ ನಾಯಿ,
ಕಿಟಕಿಯಾಚೆಯ ಬೀಡಾಡಿ ದನ ಕೂಡ ಕಲಿತಿರಬೇಕು.
ಇಲ್ಲಿ ಅಕ್ಷರದ ಹೆಸರು ಹೇಳಕೂಡದು, ದನಿ ಮಾತ್ರ.
"ಕ ಅಲ್ಲ, ಕ್," ತರಬೇತಿಯ ದಿನ ಮಿಸೆಸ್ ಆಡ್ಲಿಂಗ್ ತಿದ್ದಿದರು,
"ಬಾಲ ಸೇರಿಸಬೇಡಿ."
ಬಾಲವಲ್ಲ ಮೇಡಂ, ಅದು ತಲೆಕಟ್ಟು,
ಅಂದುಕೊಂಡೆ. ಅನ್ನಲಿಲ್ಲ.
ಐವತ್ತೆರಡರ ವಯಸ್ಸಿನಲ್ಲಿ ತಲೆಕಟ್ಟು ಬಿಚ್ಚಿಟ್ಟು
ಕ್, ಟ್, ಪ್ ಎಂದು ಬಾಯಲ್ಲಿ ಕಿಡಿ ಹಾರಿಸುತ್ತ
ಬಸ್ಸಿನಲ್ಲಿ ರೂಢಿ ಮಾಡಿದೆ.
ಪಕ್ಕದವನು ಸೀಟು ಬದಲಿಸಿದ.

ಜೆನ್ಸನ್ ನನಗೂ ಪಾಠ ಹೇಳುತ್ತಾನೆ.
ವ್ಯಾನಿಗೊಂದು ವ, ವಾಟರಿಗೆ ಬೇರೆಯದೇ ವ!
"ಹಲ್ಲು ಇಲ್ಲಿ ಇಡಿ, ಮಿಸ್," ಕೆಳತುಟಿ ಮುಟ್ಟಿ ತೋರಿಸುತ್ತಾನೆ.
ಇಡುವುದಕ್ಕೆ ಅವನಿಗೆ ಮೇಲಿನ ಎರಡು ಹಲ್ಲೇ ಇಲ್ಲ.
ಬರೀ ಗಾಳಿ ಬರುತ್ತದೆ.
ಇಬ್ಬರದೂ ಅಷ್ಟಕ್ಕಷ್ಟೆ.

ಇವತ್ತಿನ ಕಾರ್ಡಿನಲ್ಲಿ ಒಂದು ಮೊಣಕಾಲು, ಕೆಳಗೆ ಪದ.
ಅವನು ತನ್ನದೇ ತರಚಿದ ಮಂಡಿ ನೋಡಿಕೊಂಡು
"ನೀ" ಅನ್ನುತ್ತಾನೆ.
ಊರ ಕಡೆಯವರು ಯಾರೋ, ಎಷ್ಟೋ ವರ್ಷದ ಮೇಲೆ,
ಏಕವಚನದಲ್ಲಿ ಕೂಗಿದ ಹಾಗೆ
ನೆಟ್ಟಗೆ ಕೂತುಬಿಡುತ್ತೇನೆ.
"ಮುಂದಿರೋ ಈ ಕೆ ಯಾಕೆ ಮಾತಾಡಲ್ಲ, ಮಿಸ್?"

ಏನು ಹೇಳಲಿ? ಇಲ್ಲಿ ನಾನು ಮಿಸ್ ಪಿ.
ಪೂರ್ತಿ ಹೆಸರು ಪುಟ್ಟಲಕ್ಷ್ಮಿ.
ಅದರ ತುದಿಯಲ್ಲಿ ಕ, ಷ, ಮ ಮೂವರು
ಒಬ್ಬರ ಹೆಗಲಿಗೊಬ್ಬರು ಜೋತುಬಿದ್ದಿದ್ದಾರೆ,
ಆ ಇಕ್ಕಟ್ಟಿನಲ್ಲೂ ಯಾರೂ ಬಾಯಿ ಮುಚ್ಚಿ ಕೂತವರಲ್ಲ.
ಓದು ಬರದ ನಮ್ಮಜ್ಜಿ ಮಾತ್ರ ಲಚ್ಚುಮೀ ಎಂದು
ಮೂವರನ್ನೂ ಹಗುರಾಗಿ ಕೆಳಗಿಳಿಸುತ್ತಿದ್ದಳು.
"ಹಿಂದೆ ಮಾತಾಡುತ್ತಿತ್ತಂತೆ," ಅಂದೆ, "ಬಹಳ ಹಿಂದೆ."
"ಆಮೇಲೆ ಯಾರಾದರೂ ಬೈದರಾ?"

ಅವನ ಓದಿನ ಡೈರಿಯಲ್ಲಿ ಮನೆಯವರು
ದಿನಕ್ಕೊಂದು ಸಾಲು ಬರೆಯಬೇಕು.
ಅವನ ತಾತ ಬರೆಯುವುದು ಒಂದು ಮೀನು,
ಕೈ ಎತ್ತದೆ ಒಂದೇ ಗೆರೆಯಲ್ಲಿ, ಆಮೇಲೆ ಕಣ್ಣು.
ಸೆಪ್ಟೆಂಬರಿನಿಂದ ಪುಟ ಪುಟವೂ ಮೀನು.
ತಮಾಷೆಯ ಮುದುಕ ಅಂದುಕೊಂಡಿದ್ದೆವು.

ಮೂರೂಕಾಲಿಗೆ ಗೇಟಿನ ಬಳಿ ಬಂದವನು
ತಾಯಂದಿರೆಲ್ಲ ಕರಗುವ ತನಕ ಬೇಲಿಗೊರಗಿದ್ದು
ಜೇಬಿನಿಂದ ಒಂದು ಕಾರ್ಡು ತೆಗೆದ: ಚಾಕು.
ಹಡಗುಕಟ್ಟೆಯ ಶೆಡ್ಡಿನಲ್ಲಿ, ಮಂಜುಗಡ್ಡೆಯ ನೀರಿನಲ್ಲಿ
ಹ್ಯಾಡಕ್ ಸೀಳಿ ಮುಳ್ಳು ಬಿಡಿಸಿದ ಬೆರಳುಗಳು,
ಎರಡಕ್ಕೆ ತುದಿಯಿಲ್ಲ.
"ಮೂವತ್ತೆಂಟು ವರ್ಷ ಕೈಯಲ್ಲೇ ಹಿಡಿದಿದ್ದೆ ಇದನ್ನ.
ಮುಂದೆ ಒಂದು ಕೆ ಇದೆ ಅಂತ ಒಬ್ಬನೂ ಹೇಳಲಿಲ್ಲವಲ್ಲ!"
ನಗಲಿ ಅಂತಲೇ ಅಂದದ್ದು.
ನಾನು ನಕ್ಕದ್ದು ತಡವಾಯಿತು.
ಜೆನ್ಸನ್ ತೋಳು ಜಗ್ಗುತ್ತಿದ್ದ, ಹಸಿವಂತೆ.

ಬುಧವಾರ. ಡೈರಿಯಲ್ಲಿ ಮೀನು. ಬಾಲದ ಕೆಳಗೆ
ಪೆನ್ಸಿಲ್ ಒತ್ತಿ ಒತ್ತಿ, ಹಾಳೆಯ ಹಿಂಬದಿಗೂ ಉಬ್ಬುವ ಹಾಗೆ
ಕೆ. ಎನ್. ಐ. ಎಫ್.
ಕೊನೆಯ ಇ ಇಲ್ಲ.
ಹಸಿರು ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ.
ಮಕ್ಕಳಿಗೆ ಒತ್ತುವ ನಕ್ಷತ್ರದ ಮುದ್ರೆ ಎತ್ತಿಕೊಂಡೆ,
ಅದೂ ಸರಿಯೆನಿಸಲಿಲ್ಲ.
ಓಣಿಯಲ್ಲಿ ಮಿಸೆಸ್ ಆಡ್ಲಿಂಗರ ಬೂಟಿನ ಸದ್ದು.
ಪುಟ ಮಗುಚಿದೆ.
"ಬಾ ಜೆನ್ಸನ್, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು?"