ಹೆಬ್ಬೆಟ್ಟು

ಗ್ಯಾಸು ಪೆಟ್ರೋಲಲ್ಲ, ಉರಿದು ತೀರೋದಿಲ್ಲ.
ಪೈಪಿನೊಳಗೆ ಸುತ್ತುತ್ತದೆ ಅಷ್ಟೆ,
ಆವಿಯಾಗಿ, ನೀರಾಗಿ, ಮತ್ತೆ ಆವಿಯಾಗಿ.
ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ.
ವರ್ಷಾ ವರ್ಷಾ ತುಂಬಿಸ್ಕೋಬೇಕಮ್ಮ ಅನ್ನುವವನು
ತೂತು ಗಡಿಗೆಗೆ ನೀರು ಹೊತ್ತೇ ಮನೆ ಕಟ್ಟಿಸುವವನು.
ಇದನ್ನು ಕಲಿಸಿದ್ದು ಮಕ್ಬೂಲ್ ಸಾಬರು,
ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆಯ ತಗಡಿನ ಶೆಡ್ಡಿನಲ್ಲಿ,
ಕೈಯಲ್ಲಿ ಸೋಪಿನ ನೊರೆ, ಬಾಯಲ್ಲಿ ಬೈಗುಳ.

ಏಪ್ರಿಲ್ಲಿನ ಒಂದು ಬುಧವಾರ, ಹನ್ನೊಂದು ಗಂಟೆ.
ಮುನಿಲಕ್ಷ್ಮಮ್ಮ ವ್ಯಾನು ತಂದು ನಿಲ್ಲಿಸಿದರು.
ಹಿಂದಿನ ಸೀಟು ಕಿತ್ತು ಟ್ರೇ ಜೋಡಿಸಿದ ವ್ಯಾನು.
ಎರಡನೇ ಜ್ವರ ಎದ್ದ ಚಾಕಿ ಹುಳು
ಬಿಸಿಲು ಏಳುವ ಮೊದಲು ಊರೂರಿಗೆ ಮುಟ್ಟಬೇಕು.

"ಹೋದ ವರ್ಷ ನೀನೇ ಅಲ್ವೇನಪ್ಪ ಮಾಡಿದ್ದು.
ಮೊನ್ನೆ ದಾರೀಲಿ ಗಾಳಿ ಬಿಸಿ ಬಂತು.
ಎರಡು ಟ್ರೇ ಹುಳ ಸೊಪ್ಪೇ ಮುಟ್ಟಲಿಲ್ಲ."
ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಗೇಜು ಹಾಕಿದೆ. ಎರಡೂ ಮುಳ್ಳು ಕೆಳಗೆ ಬಿದ್ದಿದ್ದವು.
ಮೊದಲು ಕಣ್ಣು: ಎಣ್ಣೆ ಜಿನುಗಿದಲ್ಲಿ ಧೂಳು ಕಚ್ಚಿರುತ್ತದೆ.
ಆದರೆ ನಮ್ಮೂರ ಧೂಳು
ಎಣ್ಣೆ ಇಲ್ಲದಲ್ಲೂ ಕಚ್ಚಿರುತ್ತದೆ.
ಮೂಸುವ ಮಿಷಿನ್ನು ಕಂಡೆನ್ಸರ್ ಹತ್ತಿರ ಒಮ್ಮೆ ಕೀ ಅಂತು,
ರಸ್ತೆಯ ಗಾಳಿ ಬೀಸಿದ್ದೇ ಸುಮ್ಮನಾಯಿತು.
ನೈಟ್ರೋಜನ್ ಒತ್ತಿದೆ. ಪಕ್ಕದ ವೆಲ್ಡಿಂಗಿನವನಿಗೆ
ಒಂದು ನಿಮಿಷ ನಿಲ್ಸೋ ಮಾರಾಯ ಅಂದು
ಉಸಿರು ಹಿಡಿದು ಕಿವಿಗೊಟ್ಟೆ. ಏನಿಲ್ಲ.
ಜಾಯಿಂಟುಗಳಿಗೆಲ್ಲ ನೊರೆ ಬಳಿದೆ.
ಒಂದು ಗುಳ್ಳೆ ಏಳಲಿಲ್ಲ.
ಇನ್ನು ಡ್ಯಾಶ್‌ಬೋರ್ಡು ಬಿಚ್ಚಬೇಕೇನೋ,
ಒಳಗಿನ ಕಾಯಿಲೇ ತೂತೇನೋ ಅಂತ ಹೊಟ್ಟೆ ಕಲಸಿತು.
ಅದು ಎರಡು ದಿನದ ಕೆಲಸ.
ಹುಳು ಎರಡು ದಿನ ಕಾಯುವುದಿಲ್ಲ.

ಶಟರು ಎಳೆದು ಕತ್ತಲು ಮಾಡಿದೆ.
ಹೋದ ವರ್ಷ ಗ್ಯಾಸಿನ ಜೊತೆ ಬಣ್ಣ ಬಿಟ್ಟಿದ್ದೆ.
ಹಳದಿ ಕನ್ನಡಕ, ನೀಲಿ ಟಾರ್ಚು.
ಕಂಡೆನ್ಸರಿಗೆ ಸೇರುವ ಪೈಪಿನ ನಟ್ಟಿನ ಮೇಲೆ
ಹಿಪ್ಪುನೇರಳೆ ಚಿಗುರಿನ ಹಸಿರು ಹೊಳೆಯಿತು.
ಸೋರಿಕೆಯಲ್ಲ.
ಒಂದು ಹೆಬ್ಬೆಟ್ಟು.
ಸುಳಿ ಸುಳಿ ಗೆರೆ, ನಡುವೆ ಅಡ್ಡಕ್ಕೆ ಒಂದು ಗೀರು,
ಎಂಟನೇ ಕ್ಲಾಸು ಬಿಟ್ಟ ವಾರವೇ
ಫ್ಯಾನ್ ಬೆಲ್ಟಿಗೆ ಕೊಟ್ಟು ಪಡೆದ ಗೀರು.
ಯಾರದೆಂದು ಕೇಳಬೇಕಿರಲಿಲ್ಲ.

ಹೊಳೆದದ್ದೆಲ್ಲ ಸೋರಿಕೆಯಲ್ಲ ಕಣೋ, ಒರೆಸು, ಮತ್ತೆ ನೋಡು,
ಸಾಬರ ಮಾತು.
ಒರೆಸಿದೆ. ಚೂರು ಗ್ಯಾಸು ಬಿಟ್ಟು
ಕಾಲು ಗಂಟೆ ಇಂಜಿನ್ ಓಡಿಸಿದೆ.
ಹೆಬ್ಬೆಟ್ಟು ವಾಪಸು ಬರಲಿಲ್ಲ.
ಅದಿದ್ದ ಜಾಗದ ಕೆಳಗೆ, ನಟ್ಟಿನ ಕೊರಳಿಗೆ
ಕೂದಲೆಳೆಯಷ್ಟು ಹಸಿರು
ನಿಧಾನಕ್ಕೆ ಬಂದು ಕೂತಿತು.

ಬಿಚ್ಚಿದರೆ ಒಳಗಿನ ರಬ್ಬರ್ ರಿಂಗು ಒಂದು ಮಗ್ಗುಲಿಗೆ ಹಿಸುಕಿತ್ತು.
ಎಣ್ಣೆ ಸವರದೆ ಕೂರಿಸಿದ್ದು.
ನೆನಪಾಯಿತು. ಕರೆಂಟು ಹೋಗಿದ್ದ ಸಂಜೆ,
ಹೊರಗೆ ಇನ್ನೊಂದು ಗಾಡಿ ಹಾರ್ನು ಒತ್ತುತ್ತಿತ್ತು.
ಬಣ್ಣದ ಕೈಯಲ್ಲೇ ನಟ್ಟು ಮುಟ್ಟಿ
ಆಯ್ತು ತಗೊಂಡ್ಹೋಗಿ ಅಂದಿದ್ದೆ,
ಪತ್ರಕ್ಕೆ ಒತ್ತಿದ ಹಾಗೆ.

ಶಟರಿನ ಕೆಳಗೆ ಬಗ್ಗಿ ಕೇಳಿದರು: "ಸಿಕ್ತಾ?"
"ಸಿಕ್ತು."
"ಏನು, ಇಲಿಯಾ?"
ಇಲಿ ಅನ್ನಬಹುದಿತ್ತು.
ಇಲಿಗೆ ಎಲ್ಲ ಗ್ಯಾರೇಜಿನಲ್ಲೂ ಆಗಲೇ ಹೆಸರು ಕೆಟ್ಟಿದೆ,
ಇನ್ನೊಂದು ಹೊರಿಸಿದರೆ ಭಾರವಾಗುತ್ತಿರಲಿಲ್ಲ.
"ನಾನಮ್ಮ" ಅಂದೆ.
ಟಾರ್ಚು ನನ್ನ ಬೆರಳಿಗೇ ಬಿಟ್ಟೆ.

ಅವರು ಬೆರಳು ನೋಡಿದರು, ನನ್ನ ಮುಖ ನೋಡಿದರು.
"ಬೆಳಗ್ಗೆ ನಾಲ್ಕಕ್ಕೆ ನಾನು ಹೊರಡಬೇಕು" ಅಂದರು.

ಹೊಸ ರಿಂಗು. ಎಣ್ಣೆ. ಅವಸರವಿಲ್ಲದ ಸ್ಪ್ಯಾನರು.
ವ್ಯಾಕ್ಯೂಮ್ ಎಳೆದು ಪಂಪು ಆರಿಸಿದೆ.
ಇನ್ನು ಅರ್ಧ ಗಂಟೆ ಮುಳ್ಳು ಅಲ್ಲಾಡಬಾರದು.
ಮುನಿಲಕ್ಷ್ಮಮ್ಮ ಸ್ಟೂಲು ಎಳೆದುಕೊಂಡು
ಗೇಜಿನ ಮುಂದೆ ಕೂತರು,
ಹುಳು ಜ್ವರಕ್ಕೆ ಕೂತಾಗ
ಟ್ರೇ ಅಲುಗಿಸದೆ ಕಾಯುವವರ ಕೂರುವಿಕೆ ಅದು.
ಟೀ ಬಂತು. ಅವರದು ಅವರು ಕುಡಿದರು.
ನಾನು ಮುಳ್ಳು ನೋಡುತ್ತಿದ್ದೆ,
ಕೈಯನ್ನು ಜೇಬಿನಲ್ಲಿಟ್ಟುಕೊಂಡು.