ಆರು ನಂಬರಿನ ಸ್ಕೇಟು

ಪತ್ರದಲ್ಲಿ ಇದ್ದದ್ದು ಇಷ್ಟೆ:
ಏಷ್ಯಾ ಪಂದ್ಯಾವಳಿಗೆ ಹೆಣ್ಣುಮಕ್ಕಳ ತಂಡ,
ದಕ್ಷಿಣದಿಂದ ಒಬ್ಬಳು ಗೋಲಿ, ಹೆಸರು ಸೋಮವಾರದೊಳಗೆ.
ಕೇಳಿದ್ದು ನನ್ನನ್ನು.
ಲೇಹದ ಕಡೆ ಹೆಪ್ಪುಗಟ್ಟಿದ ಕೆರೆಯ ಮೇಲೆ
ಒಂಬತ್ತು ಚಳಿಗಾಲ ಪಡೆಯ ತಂಡಕ್ಕೆ ಆಡಿ
ಮೊಣಕಾಲು ಅಲ್ಲೇ ಬಿಟ್ಟು ಬಂದವನನ್ನು.
ಈಗ ಶಿವಮೊಗ್ಗ, ಸಾಗರ ರಸ್ತೆಯ ಐಸ್ ಫ್ಯಾಕ್ಟರಿ,
ರಾತ್ರಿ ಪಾಳಿಯ ಕಾವಲು.
ಮಂಜು ನನ್ನ ಬೆನ್ನು ಬಿಡಲಿಲ್ಲ ಅನ್ನಿ.

ಸಾಹುಕಾರರು ಕನ್ನಡಕ ಏರಿಸಿ ಓದಿದರು:
‘ಗೋಲಿ ಆಡೋದಕ್ಕೂ ದೇಶದ ಟೀಮೇನಯ್ಯಾ?’

ಇಬ್ಬರಿದ್ದರು.
ಗೋಪಾಳದ ಸಿಮೆಂಟಿನ ಮೇಲೆ ಚಕ್ರ ಕಟ್ಟಿಕೊಂಡು ಕಲಿತವರು.
ಮೆಲಿಟಾ, ಬೇಕರಿ ಪಾಸ್ಕಲನ ಮಗಳು,
ಪಕ್ ಬರುವ ಮೊದಲೇ ಹಾರುತ್ತಾಳೆ.
ದಾಕ್ಷಾಯಣಿ ಹಾರುವುದಿಲ್ಲ, ಕಾಯುತ್ತಾಳೆ.
ಆ ಪಕ್ ಕೂಡ ಅವಳಪ್ಪನದೇ,
ಪಂಕ್ಚರ್ ಅಂಗಡಿಯ ಹಳೇ ಲಾರಿ ಟೈರಿನಿಂದ ಕೊಯ್ದದ್ದು.
ಮಂಜಿನ ಮೇಲೆ ಇಬ್ಬರೂ ಕಾಲಿಟ್ಟವರಲ್ಲ.

ಭಾನುವಾರ ರಾತ್ರಿ ಎರಡಕ್ಕೆ
ಹನ್ನೆರಡು ಗಡ್ಡೆ ಅಚ್ಚಿನಿಂದ ಬಿಡಿಸಿ ಒತ್ತೊತ್ತಾಗಿ ಮಲಗಿಸಿದೆ.
ಸಂದಿಗೆ ಐಸ್ ಪುಡಿ, ಮೇಲೆ ತೆಳ್ಳಗೆ ನೀರು.
ಅತ್ತ ಒಂದು ಉಪ್ಪಿನ ಮೂಟೆ, ಇತ್ತ ಒಂದು,
ನಡುವೆ ಆರಡಿ, ಗೋಲಿನ ಬಾಯಿ ಇರುವಷ್ಟೇ ಅಗಲ.
ಮಲ್ಪೆಯ ಮೀನಿನ ಟೆಂಪೊ ನಾಲ್ಕಕ್ಕೆ ಬರುತ್ತದೆ.
ಅಷ್ಟರೊಳಗೆ ಆಗಬೇಕು ದೇಶದ ಕೆಲಸ.

ಸ್ಕೇಟು ಒಂದೇ ಜೊತೆ, ನನ್ನದೇ ಹಳೆಯದು,
ಆರು ನಂಬರು.
ಬೆಟಾಲಿಯನ್ನಿನಲ್ಲಿ ನಗುತ್ತಿದ್ದರು ಈ ಪುಟ್ಟ ಪಾದಕ್ಕೆ.

ಮೆಲಿಟಾ ಎರಡು ಕಾಲುಚೀಲ ಹಾಕಿ ನಿಂತಳು.
ಬಿದ್ದಳು, ನಕ್ಕಳು, ಎದ್ದಳು.
ಇಪ್ಪತ್ತು ಹೊಡೆತಕ್ಕೆ ಹದಿನಾಲ್ಕು ತಡೆದಳು.
ದಾಕ್ಷಿ ಲೇಸು ಕಟ್ಟಲಿಕ್ಕೇ ಬಹಳ ಹೊತ್ತು ಮಾಡಿದಳು.
ಬಿದ್ದದ್ದು ಕಡಿಮೆ. ಆದರೆ ಕಾಲು ಎಳೆಯುತ್ತಿದ್ದಳು,
ಎಡಕ್ಕೆ ಸರಿಯಬೇಕಾದಲ್ಲೆಲ್ಲ ಒಂದು ಉಸಿರು ತಡ.
ಒಂಬತ್ತು.
ಭಯ ಅಂದುಕೊಂಡೆ.
ಮಂಜಿನ ಭಯ ಎಷ್ಟು ಮುಖದಲ್ಲಿ ನೋಡಿಲ್ಲ ನಾನು?

ಟೆಂಪೊ ಹಾರ್ನ್ ಹೊಡೆಯಿತು.
ಗಡ್ಡೆಗಳು ಕ್ರಷರಿಗೆ ಹೋದವು,
ಸ್ಕೇಟಿನ ಗೀರು ಗೀರಾಗಿಯೇ ಬಂಗುಡೆಯ ಮೇಲೆ ಸುರಿದವು.
ಹತ್ತು ಗಂಟೆಗೆ ಫೋನು ಮಾಡಿ ಹೆಸರು ಕೊಟ್ಟೆ.
ದಿಲ್ಲಿಯವನು ಸ್ಪೆಲ್ಲಿಂಗ್ ಎರಡು ಸಲ ಕೇಳಿದ.

ಆಮೇಲೆ ಸ್ಕೇಟು ಒರೆಸಲು ಕೂತೆ.
ಎಡಗಾಲಿನ ಮೂತಿಯೊಳಗೆ, ಹೆಬ್ಬೆರಳು ತಾಗುವ ಕಡೆ,
ಕಂದು ಕಲೆ. ಇನ್ನೂ ಹಸಿ.

ಬಸ್ ಸ್ಟ್ಯಾಂಡಿಗೆ ಕುಂಟುತ್ತ ಹೋದೆ.
ಅಂಗಡಿ ಮುಂದೆ ಬಿಟ್ಟ ಚಪ್ಪಲಿ ಮಗುಚಿ ನೋಡಿದೆ,
ಸವೆದ ಅಟ್ಟೆಯಲ್ಲಿ ಎಂಟು.

‘ಯಾಕಮ್ಮ ಹೇಳಲಿಲ್ಲ?’

‘ಹೇಳಿದ್ರೆ ಇನ್ನೊಂದು ಜೊತೆ ಇತ್ತಾ ಸಾರ್?’

ಕಾಲಿಗೆ ಬಟ್ಟೆ ಸುತ್ತಿತ್ತು. ಬೇರೇನೂ ಅನ್ನಲಿಲ್ಲ.
ಯಾರದೋ ಸ್ಕೂಟರಿನ ಟ್ಯೂಬು ಗಾಳಿ ತುಂಬಿ
ನೀರಿನ ಬಾನಿಯಲ್ಲಿ ಮುಳುಗಿಸಿ, ನಿಧಾನ ತಿರುಗಿಸುತ್ತ
ಕಾದಳು.
ನನಗೆ ಕಾಣುವ ಮೊದಲು
ಗುಳ್ಳೆ ಎದ್ದಲ್ಲಿ ಅವಳ ಬೆರಳಿತ್ತು.