ಕರೆಂಟ್ ಹೋದಾಗ

ಬನಹಟ್ಟಿಯ ನಮ್ಮ ಓಣಿಯೊಳಗ
ಮಗ್ಗ ಎಲ್ಲಾ ಒಮ್ಮೆಲೇ ಬಾಯಿ ಮುಚ್ಚಿದ್ವು.
ಕರೆಂಟ್ ಹೋತು.
ಬಾ ಲಾಳಿ, ಅಂದೆ.

ಅತ್ತಿಂದಿತ್ತ ಓಡೂದಕ್ಕ ಇಟ್ಟ ಹೆಸರು;
ಈಗ ಮಾತ್ರ ಕಟಗಿ ಆಗತೈತಿ,
ಚಿಮಟಾದ ಸಪ್ಪಳ ಅದಕ್ಕ ಗೊತ್ತು.

ಸೀರಿಯೊಳಗಿನ ಗಂಟು ತಗಿಯೂ ಚಿಮಟಾ ಇದು.
ಬೆರಳೂ ಅವೇ. ಮಬ್ಬಿದ್ರೇನು,
ಹರದ ಎಳಿ ಹುಡುಕಿದಂಗ
ರೋಮ ಸೀಳಿ ಸೀಳಿ ಹೋಗ್ತಾವ:
ಕಿವಿ ಮಡಿಕ್ಯಾಗೊಂದು, ಔಡಲಬೀಜದಂಥಾದು;
ಕಾಲ್ಬೆರಳ ಸಂದ್ಯಾಗ ಎರಡು, ಇನ್ನೂ ಸಾಸಿವಿ.

ಊದಿನಕಡ್ಡಿ ಹಚ್ಚಿ ಸುಡು, ಅಂತಾಳ ಅತ್ತಿ.
ಸುಡಬಾರದು ಅತ್ತಿ. ಬುಡಕ್ಕ ಹಿಡದು
ನೆಟ್ಟಗ ಎಳೀಬೇಕು, ತಿರುವಬಾರದು,
ತಲಿ ಒಳಗ ಉಳದ್ರ ಕೀವಾಗತೈತಿ.
ಸಾಬಾಣ ನೀರಿನ ವಾಟಗಾದಾಗ ಬಿದ್ದ ಉಣ್ಣಿ
ಈಜೂದಿಲ್ಲ,
ಕಾಲಷ್ಟ ಆಡಸ್ತೈತಿ.

ಹೋದ ವಾರ ಮೊಲಿತೊಟ್ಟನ್ನ
ಉಣ್ಣಿ ಅಂತ ಹಿಡದು ಎಳದಿದ್ದೆ.
ಕಚ್ಚಲಿಲ್ಲ ಅದು.
ನನ್ನ ಮಣಿಕಟ್ಟು ಬಾಯಾಗ ಹಿಡಕೊಂಡು
ಸುಮ್ನ ನೋಡಿತ್ತು.
ಈಗ ಹೊಟ್ಟಿ ಕಡೆ ಹೋದಾಗೆಲ್ಲ
ಎರಡೆರಡು ಸಲ ಸವರಿ ಕೇಳತೇನಿ.

ಫಟ್ ಅಂತ ಕರೆಂಟ್ ಬಂತು. ಓಣಿ ತುಂಬ ಖಟಾಪಟಾ.
ಬ್ಯಾರೆಯವರ ಸೀರಿ ಗೇಣುದ್ದ ಏರಿರಬೇಕು.
ಇನ್ನೊಂದು ಕಿವಿ ಉಳದೈತಿ, ಲಾಳಿ,
ತಿರಗು.